ನಾಲ್ಕನೇ ರಿಬ್ಬನ್ ಯಾರದ್ದು?

ಟಿ.ವಿ.ಯಲ್ಲಿ ಸೇನಾಧಿಕಾರಿಯೊಬ್ಬರು ಮಾತನಾಡುತ್ತಿದ್ದರೆ ಅವರ ಎಡ ಎದೆಯ ಜೇಬಿನ ಮೇಲೆ ಬಣ್ಣಬಣ್ಣದ ಪುಟ್ಟ ಪಟ್ಟಿಗಳ ಸಾಲು ಕಾಣುತ್ತದೆ. ಅದಕ್ಕೆ ರಿಬ್ಬನ್ ಬಾರ್ ಎನ್ನುತ್ತಾರೆ. ಪದಕಗಳನ್ನು ದೊಡ್ಡ ಸಮಾರಂಭಗಳಲ್ಲಿ ಮಾತ್ರ ಧರಿಸುತ್ತಾರೆ. ಉಳಿದ ದಿನಗಳಲ್ಲಿ ಪದಕದ ಬದಲು ಅದರ ರಿಬ್ಬನ್ನಿನ ಒಂದು ತುಂಡು ಎದೆಯ ಮೇಲಿರುತ್ತದೆ. ನಾವು ಕೆಲಸಕ್ಕೆ ಅರ್ಜಿ ಹಾಕುವಾಗ ಎರಡು ಪುಟದ ರೆಸ್ಯೂಮೆ ಕಳಿಸುತ್ತೇವೆ. ಸೈನಿಕರ ರೆಸ್ಯೂಮೆ ಎರಡು ಇಂಚಿನಲ್ಲಿ ಮುಗಿದುಹೋಗುತ್ತದೆ. ಓದಲು ಬರಬೇಕು, ಅಷ್ಟೇ.

ಇತಿಹಾಸ ಎಂ.ಎ. ಮಾಡುವಾಗ ಕಿರು ಸಂಶೋಧನೆಗೆಂದು ನಮ್ಮ ಕಡೆಯ ಮಾಜಿ ಸೈನಿಕರ ಮನೆಗಳಲ್ಲಿ ಉಳಿದಿರುವ ವಸ್ತುಗಳನ್ನು ಪಟ್ಟಿ ಮಾಡುತ್ತಾ ಹೋದೆ. ಆಗ ತಿಳಿದದ್ದು, ಹೆಚ್ಚಿನ ಮನೆಗಳಲ್ಲಿ ಪದಕಗಳೇ ಉಳಿದಿಲ್ಲ. ಕೆಲವು ಕಳೆದುಹೋಗಿವೆ, ಕೆಲವನ್ನು ಕಷ್ಟಕಾಲದಲ್ಲಿ ಮಾರಿದ್ದಾರೆ. ಹಳೆಯ ಕೋಟಿಗೆ ಹೊಲಿದಿದ್ದ ರಿಬ್ಬನ್ ಬಾರ್ ಮಾತ್ರ ಟ್ರಂಕಿನ ತಳದಲ್ಲಿ ಕೂತಿದೆ. ಅದಕ್ಕೆ ಬೆಲೆಯಿಲ್ಲ ಎಂದು ಯಾರೂ ಮುಟ್ಟಿಲ್ಲ. ಹಾಗಾಗಿಯೇ ಅದು ಉಳಿದಿದೆ.

ಓದುವುದು ಎಲ್ಲಿಂದ?

ಮೊದಲ ನಿಯಮ, ಸಾಲಿಗೆ ಒಂದು ಕ್ರಮವಿದೆ. ಎಲ್ಲಕ್ಕಿಂತ ಮೇಲಿನ ಗೌರವದ ರಿಬ್ಬನ್ ಅಂಗಿಯ ಗುಂಡಿಗಳ ಹತ್ತಿರ ಇರುತ್ತದೆ. ಅಂದರೆ ಎದುರು ನಿಂತು ನೋಡುವ ನಮಗೆ ಎಡಗಡೆ ಮೊದಲು ಬರುತ್ತದೆ. ಕನ್ನಡ ಓದಿದ ಹಾಗೆ ಎಡದಿಂದ ಬಲಕ್ಕೆ, ಮೇಲಿನ ಸಾಲಿನಿಂದ ಕೆಳಗೆ ಓದಿಕೊಂಡು ಹೋಗಬಹುದು.

ಎರಡನೆಯದು, ಬಣ್ಣಗಳಿಗೆ ಅರ್ಥವಿದೆ. ಎರಡನೇ ಮಹಾಯುದ್ಧದ ರಿಬ್ಬನ್‌ಗಳನ್ನೇ ನೋಡಿ. '1939-45 ಸ್ಟಾರ್' ರಿಬ್ಬನ್ನಿನಲ್ಲಿ ಗಾಢ ನೀಲಿ, ಕೆಂಪು, ತಿಳಿ ನೀಲಿ ಎಂಬ ಮೂರು ಸಮಪಟ್ಟಿಗಳಿವೆ. ಕ್ರಮವಾಗಿ ನೌಕಾಪಡೆ, ಭೂಸೇನೆ, ವಾಯುಪಡೆ. ಗಾಢ ನೀಲಿ ಗುಂಡಿಗಳ ಕಡೆಗೇ ಬರಬೇಕು. 'ಆಫ್ರಿಕಾ ಸ್ಟಾರ್'ನ ಹಿನ್ನೆಲೆ ಮರಳಿನ ಬಣ್ಣದ್ದು, ಮರುಭೂಮಿಯ ಗುರುತು. 'ಡಿಫೆನ್ಸ್ ಮೆಡಲ್'ನಲ್ಲಿ ನಡುವೆ ಬೆಂಕಿಯ ಕಿತ್ತಳೆ, ಎರಡು ಬದಿಗೆ ನೆಲದ ಹಸಿರು, ಆ ಹಸಿರಿನೊಳಗೆ ಸಣ್ಣ ಕಪ್ಪು ಗೆರೆ. ಬಾಂಬ್ ದಾಳಿಯ ಭಯಕ್ಕೆ ದೀಪ ಆರಿಸಿ ಕೂತ ರಾತ್ರಿಗಳ ನೆನಪು ಆ ಕಪ್ಪು ಗೆರೆ. 'ಬರ್ಮಾ ಸ್ಟಾರ್'ನಲ್ಲಿ ನಡುವೆ ಅಗಲವಾದ ಕೆಂಪು, ಎರಡೂ ಕಡೆ ಗಾಢ ನೀಲಿ, ಆ ನೀಲಿಯ ಮಧ್ಯೆ ಕಿತ್ತಳೆ. 'ಇಟಲಿ ಸ್ಟಾರ್' ಆ ದೇಶದ ಬಾವುಟದ ಬಣ್ಣಗಳನ್ನೇ ತೆಗೆದುಕೊಂಡಿದೆ: ಕೆಂಪು, ಬಿಳಿ, ಹಸಿರು, ಬಿಳಿ, ಕೆಂಪು.

ನಮ್ಮ ಸ್ವತಂತ್ರ ಭಾರತದ ರಿಬ್ಬನ್‌ಗಳಲ್ಲಿ ಇನ್ನೂ ಸುಲಭದ ಲೆಕ್ಕವಿದೆ. ಪರಮವೀರ ಚಕ್ರದ್ದು ಬರೀ ನೇರಳೆ, ಒಂದು ಗೆರೆಯೂ ಇಲ್ಲ. ಅಶೋಕ ಚಕ್ರಕ್ಕೆ ಹಸಿರಿನ ಮೇಲೆ ಒಂದು ಕೇಸರಿ ಗೆರೆ, ಕೀರ್ತಿ ಚಕ್ರಕ್ಕೆ ಎರಡು, ಶೌರ್ಯ ಚಕ್ರಕ್ಕೆ ಮೂರು. ಪರಮ ವಿಶಿಷ್ಟ, ಅತಿ ವಿಶಿಷ್ಟ, ವಿಶಿಷ್ಟ ಸೇವಾ ಪದಕಗಳಲ್ಲೂ ಹಳದಿಯ ಮೇಲೆ ನೀಲಿ ಗೆರೆಗಳು ಒಂದು, ಎರಡು, ಮೂರು ಎಂದು ಏರುತ್ತವೆ. ಗೆರೆ ಹೆಚ್ಚಿದಷ್ಟೂ ದರ್ಜೆ ಕೆಳಗೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಬೇಕಿದ್ದರೆ ಹೀಗೆ ನೆನಪಿಟ್ಟುಕೊಳ್ಳಬಹುದು.

ಒಟ್ಟಿಗೆ ಇರಬಾರದ ಬಣ್ಣಗಳು

ಒಂದೊಂದೇ ರಿಬ್ಬನ್ ಗುರುತಿಸುವುದು ಚಿತ್ರ ನೋಡಿ ಹೊಂದಿಸುವ ಕೆಲಸ, ಅರ್ಧ ಗಂಟೆಯಲ್ಲಿ ಕಲಿಯಬಹುದು. ನಿಜವಾದ ಪರೀಕ್ಷೆ ಇರುವುದು ಅವು ಒಂದರ ಪಕ್ಕ ಒಂದು ಕೂತಿರುವ ರೀತಿಯಲ್ಲಿ.

ಮೊದಲನೇ ಮಹಾಯುದ್ಧದ ಉದಾಹರಣೆ ತೆಗೆದುಕೊಳ್ಳೋಣ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಪಡೆಗಳಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಅಶ್ವದಳವೂ ಇತ್ತು. ಜೋಧಪುರದ ಅಶ್ವದಳದ ಜೊತೆ ಅವರು ಹೋರಾಡಿದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಆ ಕಾಲದ ಯೋಧರ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮೂರು ರಿಬ್ಬನ್‌ಗಳ ಜೋಡಣೆ: ಕೆಂಪು-ಬಿಳಿ-ನೀಲಿ ಒಂದರೊಳಗೊಂದು ಕರಗಿದಂತಿರುವ '1914-15 ಸ್ಟಾರ್', ನಡುವೆ ಕಿತ್ತಳೆ ಇರುವ 'ಬ್ರಿಟಿಷ್ ವಾರ್ ಮೆಡಲ್', ಎರಡು ಕಾಮನಬಿಲ್ಲು ಕೂಡಿಸಿದಂತಿರುವ 'ವಿಕ್ಟರಿ ಮೆಡಲ್'. ವಿಕ್ಟರಿ ಮೆಡಲ್ ಪಡೆದವರು ಸಾಮಾನ್ಯವಾಗಿ ವಾರ್ ಮೆಡಲ್ಲನ್ನೂ ಪಡೆದಿರುತ್ತಾರೆ. ಹಾಗಾಗಿ ಕಾಮನಬಿಲ್ಲಿನ ರಿಬ್ಬನ್ ಒಂದೇ ಕಂಡರೆ ಉಳಿದದ್ದು ಬಿದ್ದುಹೋಗಿರಬೇಕು, ಇಲ್ಲವೇ ಯಾರೋ ಆಮೇಲೆ ಜೋಡಿಸಿರಬೇಕು.

ರಿಬ್ಬನ್ ಹೇಳಲಾಗದ್ದೂ ಇದೆ. ಬ್ರಿಟಿಷ್ ವಾರ್ ಮೆಡಲ್ಲನ್ನು ಸೈನಿಕರಿಗೆ ಬೆಳ್ಳಿಯಲ್ಲಿ, ಕೂಲಿ ದಳಗಳಲ್ಲಿ ದುಡಿದವರಿಗೆ ಕಂಚಿನಲ್ಲಿ ಕೊಟ್ಟರು. ರಿಬ್ಬನ್ ಮಾತ್ರ ಇಬ್ಬರಿಗೂ ಒಂದೇ. 1914 ಸ್ಟಾರ್ ಮತ್ತು 1914-15 ಸ್ಟಾರ್‌ಗಳ ರಿಬ್ಬನ್ ಕೂಡ ಒಂದೇ. ಮೊದಲನೆಯದರ ಮೇಲೆ ಬೆಳ್ಳಿಯ ಪುಟ್ಟ ಹೂವೊಂದು ಇದ್ದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಆ ಯುದ್ಧದ ಪದಕಗಳ ಅಂಚಿನ ಮೇಲೆ ಪಡೆದವರ ಹೆಸರು, ನಂಬರು, ದಳ ಕೆತ್ತಿರುತ್ತದೆ. ರಿಬ್ಬನ್ ಬಾರ್ ಮೇಲೆ ಹೆಸರೇ ಇರುವುದಿಲ್ಲ. ಏನು ಸಿಕ್ಕಿತು ಎಂದು ಅದು ಹೇಳುತ್ತದೆ, ಯಾರಿಗೆ ಎಂದು ಹೇಳುವುದಿಲ್ಲ.

ದಿನಾಂಕಗಳೂ ಸುಳ್ಳನ್ನು ಹಿಡಿದುಕೊಡುತ್ತವೆ. ಬರ್ಮಾ ಸ್ಟಾರ್, ವಾರ್ ಮೆಡಲ್ ಎರಡನ್ನೂ ಘೋಷಿಸಿದ್ದು 1945ರಲ್ಲಿ. '1944ರಲ್ಲಿ ತೆಗೆಸಿದ ಫೋಟೊ' ಎಂದು ಹಿಂದೆ ಬರೆದಿರುವ ಚಿತ್ರದಲ್ಲಿ ಆ ರಿಬ್ಬನ್‌ಗಳು ಕಂಡರೆ ಫೋಟೊದ ತಾರೀಖು ತಪ್ಪು ಎಂದೇ ಅರ್ಥ. ಗಣರಾಜ್ಯವಾದ ಮೇಲೆ ಕ್ರಮವೂ ಬದಲಾಯಿತು. ಭಾರತದ ಗೌರವಗಳು ಮುಂದೆ ಬಂದವು, ಬ್ರಿಟಿಷರ ಕಾಲದವು ಸಾಲಿನ ಕೊನೆಗೆ ಸರಿದವು. ಫೀಲ್ಡ್ ಮಾರ್ಷಲ್ ಮಾಣೆಕ್ ಶಾ ಬರ್ಮಾದಲ್ಲಿ ಗಾಯಗೊಂಡು ಪಡೆದ ಮಿಲಿಟರಿ ಕ್ರಾಸ್ ಕೂಡ ಅವರ ಮುಂದಿನ ವರ್ಷಗಳ ಸಾಲಿನಲ್ಲಿ ಭಾರತದ ಪದಕಗಳ ಹಿಂದೆ ನಿಂತಿತು.

ಶಾಲೆಯ ಗೋಡೆಗೆ ಒಂದು ಹೆಸರು

ಇಷ್ಟೆಲ್ಲ ನಿಯಮ ಒಂದೇ ಬಾರಿಗೆ ಬೇಕಾಗಿ ಬಂದದ್ದು ಸಕಲೇಶಪುರದ ಕಡೆಯ ಹಳ್ಳಿಯ ಒಂದು ಮನೆಯಲ್ಲಿ. ಅದು ನನ್ನ ಸಹಪಾಠಿಯ ಮನೆ. ಅವನ ತಾತ ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದವರು, ತೀರಿಕೊಂಡು ಬಹಳ ವರ್ಷಗಳಾಗಿವೆ. ಅಜ್ಜಿಗೆ ತೊಂಬತ್ತು ದಾಟಿದೆ. ಊರಿನ ಶಾಲೆಯ ಗೋಡೆಯ ಮೇಲೆ ಊರಿನ ಸೈನಿಕರ ಹೆಸರು ಬರೆಸುವುದೆಂದು ಹಳೆಯ ವಿದ್ಯಾರ್ಥಿಗಳು ತೀರ್ಮಾನಿಸಿದ್ದರು. ಸಹಪಾಠಿಯ ದೊಡ್ಡಪ್ಪ ಒಂದು ಸಾಲು ಬರೆದು ಪೇಂಟರ್‌ಗೆ ಕೊಟ್ಟೂ ಆಗಿತ್ತು: 'ಇಟಲಿ ಮತ್ತು ಬರ್ಮಾ ಯುದ್ಧಗಳ ವೀರ, ಶೌರ್ಯ ಪದಕ ವಿಜೇತ.' ಆಧಾರ, ಅಜ್ಜಿಯ ಟ್ರಂಕಿನಲ್ಲಿದ್ದ ನಾಲ್ಕು ರಿಬ್ಬನ್‌ಗಳ ಒಂದು ಬಾರ್.

ಅಜ್ಜಿಗೆ ವೀರ, ವಿಜೇತ ಎಂಬುದೆಲ್ಲ ಬೇಕಿರಲಿಲ್ಲ. ಬಾರನ್ನು ನನ್ನ ಕೈಗಿಟ್ಟು ಕೇಳಿದ್ದು ಒಂದೇ ಮಾತು: "ಇದು ನಮ್ಮ ಯಜಮಾನ್ರದ್ದು ಹೌದೋ ಅಲ್ವೋ, ಅಷ್ಟು ಹೇಳು ಮಗ." ಯಾರೋ ಹಿಂದೆ ಅವರ ಮುಂದೆಯೇ, ಇಂಥವೆಲ್ಲ ಸಂತೆಯಲ್ಲಿ ಸಿಗುತ್ತವೆ ಎಂದಿದ್ದರಂತೆ. ಆ ಮಾತು ಅವರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು.

ಎಡದಿಂದ ಓದಿದೆ. 1939-45 ಸ್ಟಾರ್, ಬರ್ಮಾ ಸ್ಟಾರ್, ಆಮೇಲೆ ಕೆಂಪು-ನೀಲಿ-ಬಿಳಿಯ ವಾರ್ ಮೆಡಲ್, ಕೊನೆಗೆ ಇಟಲಿ ಸ್ಟಾರ್. ಈ ನಾಲ್ಕರಲ್ಲಿ ಯಾವುದೂ ಶೌರ್ಯಕ್ಕೆ ಕೊಡುವ ಪದಕವಲ್ಲ. ಇವು ಯುದ್ಧಭೂಮಿಯಲ್ಲಿ ನಿಗದಿತ ಕಾಲ ಸೇವೆ ಮಾಡಿದವರೆಲ್ಲರಿಗೂ ಸಿಗುವಂಥವು. ವಾರ್ ಮೆಡಲ್‌ಗಂತೂ 28 ದಿನಗಳ ಪೂರ್ಣಾವಧಿ ಸೇವೆ ಸಾಕಾಗಿತ್ತು. ವರದಿಗಳಲ್ಲಿ ವಿಶೇಷವಾಗಿ ಹೆಸರಿಸಲ್ಪಟ್ಟ ಯೋಧರಾಗಿದ್ದರೆ ವಾರ್ ಮೆಡಲ್ ರಿಬ್ಬನ್ನಿನ ಮೇಲೆ ಕಂಚಿನ ಪುಟ್ಟ ಓಕ್ ಎಲೆ ಇರಬೇಕಿತ್ತು. ಅದೂ ಇರಲಿಲ್ಲ, ಅದನ್ನು ಚುಚ್ಚಿದ ತೂತುಗಳೂ ಇರಲಿಲ್ಲ.

ಕಣ್ಣಿಗೆ ಚುಚ್ಚಿದ್ದು ನಾಲ್ಕನೆಯದು. ಸ್ಟಾರ್‌ಗಳೆಲ್ಲ ಮುಗಿದ ಮೇಲೆಯೇ ಮೆಡಲ್‌ಗಳು ಬರಬೇಕು. ತಾತ ನಿಜಕ್ಕೂ ಇಟಲಿಗೆ ಹೋಗಿದ್ದರೆ ಆ ರಿಬ್ಬನ್ ಬರ್ಮಾ ಸ್ಟಾರ್ ಪಕ್ಕದಲ್ಲಿ, ಮೂರನೇ ಜಾಗದಲ್ಲಿ ಇರಬೇಕಿತ್ತು. ಮೇಲಾಗಿ ಇಟಲಿ ಸ್ಟಾರ್‌ನ ಅವಧಿ 1943ರ ಜೂನ್‌ನಿಂದ 1945ರ ಮೇ ತಿಂಗಳವರೆಗೆ. ಭಾರತದ ಪಡೆಗಳು ಬರ್ಮಾದಲ್ಲಿ ಭೀಕರವಾಗಿ ಕಾದಾಡಿದ್ದೂ ಅದೇ ವರ್ಷಗಳಲ್ಲಿ. ಇಟಲಿಯಲ್ಲಿ ಇದ್ದದ್ದು ನಾಲ್ಕನೇ, ಎಂಟನೇ, ಹತ್ತನೇ ಭಾರತೀಯ ಡಿವಿಜನ್‌ಗಳು. ಬರ್ಮಾದಲ್ಲಿದ್ದ ಡಿವಿಜನ್‌ಗಳು ಬೇರೆ. ಒಬ್ಬನೇ ಸೈನಿಕ ಎರಡೂ ಕಡೆ ಇರುವುದು ಅಸಾಧ್ಯವೇನಲ್ಲ, ಆದರೆ ಅದಕ್ಕೆ ಗಟ್ಟಿ ಕಾಗದ ಬೇಕು.

ದಾರ ಹೇಳಿದ ಕಥೆ

ಹಳೆಯ ಬಟ್ಟೆಯನ್ನು ಪರೀಕ್ಷಿಸಲು ದೊಡ್ಡ ಪ್ರಯೋಗಾಲಯವೇ ಬೇಕಿಲ್ಲ. ಒಂದು ಭೂತಗನ್ನಡಿ, ನೋಟು ಅಸಲಿಯೇ ಎಂದು ನೋಡುವ ಯು.ವಿ. ಟಾರ್ಚ್, ಮಿಲಿಮೀಟರ್ ಗುರುತಿನ ಒಂದು ಸ್ಕೇಲ್. ಇವಿಷ್ಟೂ ನಮ್ಮ ಕಾಲೇಜು ಬ್ಯಾಗಿನಲ್ಲಿ ಹಿಡಿಸುತ್ತವೆ.

ಸ್ಕೇಲ್‌ಗೆ ಕೆಲಸ ಅಗಲ ಅಳೆಯುವುದು. ಈ ಯುದ್ಧದ ರಿಬ್ಬನ್‌ಗಳು ಒಂದೂಕಾಲು ಇಂಚು, ಅಂದರೆ ಸುಮಾರು 32 ಮಿ.ಮೀ. ಅಗಲ. ಭೂತಗನ್ನಡಿಯಲ್ಲಿ ನೋಡಬೇಕಾದದ್ದು ಬಣ್ಣ ಮಾಸಿದ ಬಗೆ. ಬಿಸಿಲು, ಗಾಳಿ ತಾಕಿದ ಮುಂಭಾಗ ಮಾಸುತ್ತದೆ. ಹಿಂದಕ್ಕೆ ಮಡಚಿದ ಭಾಗದಲ್ಲಿ ಬಣ್ಣ ಇನ್ನೂ ಗಾಢವಾಗಿ ಉಳಿದಿರುತ್ತದೆ. ಹಿಂದೆ ಮುಂದೆ ಒಂದೇ ಸಮ ಮಾಸಿದ್ದರೆ ಟೀ ನೀರಿನಲ್ಲೋ ಬಣ್ಣದಲ್ಲೋ ಅದ್ದಿ 'ಹಳತು' ಮಾಡಿರುವ ಅನುಮಾನ ಬರಬೇಕು. ಪಿನ್ ತುಕ್ಕು ಹಿಡಿದಿದ್ದರೆ ಆ ತುಕ್ಕಿನ ಕಲೆ ಬಟ್ಟೆಯ ಮೇಲೂ ಅದೇ ಜಾಗದಲ್ಲಿರಬೇಕು. ನುಸಿ ತಿಂದ ತೂತು ಮೇಲಿನ ರಿಬ್ಬನ್ನಿನಿಂದ ಕೆಳಗಿನ ಬಟ್ಟೆಗೆ ನೇರವಾಗಿ ಇಳಿದಿದ್ದರೆ ಎರಡೂ ಬಹಳ ಕಾಲ ಒಟ್ಟಿಗೆ ಇದ್ದವು ಎಂದು ತಿಳಿಯಬಹುದು.

ಯು.ವಿ. ಟಾರ್ಚ್‌ನ ಕೆಲಸ ಬೇರೆ. ಬಟ್ಟೆ ಬೆಳ್ಳಗೆ ಹೊಳೆಯಲೆಂದು ದಾರಕ್ಕೂ ಸೋಪಿನ ಪುಡಿಗೂ ಒಂದು ರಾಸಾಯನಿಕ ಸೇರಿಸುತ್ತಾರೆ. ಇದರ ಬಳಕೆ ವ್ಯಾಪಕವಾದದ್ದು ಎರಡನೇ ಮಹಾಯುದ್ಧದ ನಂತರ. ಕತ್ತಲಲ್ಲಿ ಟಾರ್ಚ್ ಹಿಡಿದರೆ ಅಂಥ ದಾರ ನೀಲಿ ಬೆಳಕಿನಲ್ಲಿ ಮಿನುಗುತ್ತದೆ, ಹಳೆಯ ದಾರ ಮಂಕಾಗಿಯೇ ಇರುತ್ತದೆ. ಆದರೆ ಹೊಳೆದದ್ದೆಲ್ಲ ನಕಲಿ ಎಂದು ತೀರ್ಪು ಕೊಡುವಂತಿಲ್ಲ. ಹಳೆಯ ಬಾರನ್ನೇ ಯಾರೋ ಸೋಪಿನ ಪುಡಿಯಲ್ಲಿ ಒಗೆದಿದ್ದರೂ ಅದು ಹೊಳೆಯುತ್ತದೆ. ಹಾಗಾಗಿ ಇಡೀ ಬಾರ್ ಹೊಳೆಯುತ್ತದೆಯೋ, ಒಂದು ಭಾಗ ಮಾತ್ರವೋ ಎಂದು ನೋಡಬೇಕು. ದಾರಕ್ಕೆ ಬೆಂಕಿ ತಾಗಿಸಿ ನೋಡುವ ಉಪಾಯವೂ ಒಂದಿದೆ. ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ಬಟ್ಟೆ ಮಾರುಕಟ್ಟೆಗೆ ಬಂದದ್ದು 1950ರ ದಶಕದಲ್ಲಿ. ಆದರೆ ಇನ್ನೊಬ್ಬರ ಮನೆಯ ನೆನಪನ್ನು ಸುಟ್ಟು ಪರೀಕ್ಷಿಸುವ ಹಕ್ಕು ನಮಗಿಲ್ಲ. ಆ ಉಪಾಯವನ್ನು ನಾನು ಯಾವತ್ತೂ ಬಳಸುವುದಿಲ್ಲ.

ಅಜ್ಜಿಯ ಕೋಣೆಯ ಕಿಟಕಿ ಮುಚ್ಚಿ ಟಾರ್ಚ್ ಹಾಕಿದೆವು. ಮೊದಲ ಮೂರು ರಿಬ್ಬನ್‌ಗಳ ಹೊಲಿಗೆ ಮಂಕಾಗಿತ್ತು. ನಾಲ್ಕನೆಯದರ ಹೊಲಿಗೆ ಮಾತ್ರ ಹೊಳೆಯಿತು. ಭೂತಗನ್ನಡಿಯಲ್ಲಿ ನೋಡಿದರೆ ಅದರ ಅಂಚಿನಲ್ಲಿ ಹಳೆಯ ಹೊಲಿಗೆಯ ತೂತುಗಳಿದ್ದವು. ಎರಡು ತೂತುಗಳಲ್ಲಿ ಗಾಢ ನೀಲಿ ಎಳೆಗಳ ತುಣುಕು ಸಿಕ್ಕಿಕೊಂಡಿತ್ತು. ಇಟಲಿ ಸ್ಟಾರ್‌ನಲ್ಲಿ ನೀಲಿ ಬಣ್ಣವೇ ಇಲ್ಲ. ಅಂದರೆ ಆ ಜಾಗದಲ್ಲಿ ಮೊದಲು ಬೇರೆ ರಿಬ್ಬನ್ ಇತ್ತು.

ವಾರ್ ಮೆಡಲ್ ಆದಮೇಲೆ ಬರುವ, ನೀಲಿಯ ರಿಬ್ಬನ್ ಯಾವುದು? ನೆನಪಾದದ್ದು 'ಇಂಡಿಯಾ ಸರ್ವಿಸ್ ಮೆಡಲ್'. ಗಾಢ ನೀಲಿ, ತಿಳಿ ನೀಲಿ ಗೆರೆಗಳದ್ದು. ಯುದ್ಧದ ಅವಧಿಯಲ್ಲಿ ಭಾರತದ ಪಡೆಗಳಲ್ಲಿ ಮೂರು ವರ್ಷ ಕದನೇತರ ಸೇವೆ ಮಾಡಿದವರಿಗೆ ಕೊಡುತ್ತಿದ್ದ ಪದಕ. ಯುದ್ಧದ ಆರಂಭದಲ್ಲೇ ಸೇರಿ, ಕೊನೆಯ ಹಂತದಲ್ಲಿ ಬರ್ಮಾಕ್ಕೆ ಹೋದ ಸೈನಿಕನಿಗೆ ಸರಿಯಾಗಿ ಹೊಂದುವ ಜೋಡಣೆ ಅದು.

ಇದನ್ನು ಕೇಳಿಸಿಕೊಳ್ಳುತ್ತಿದ್ದ ಸಹಪಾಠಿಯ ತಾಯಿ ಅಡುಗೆಮನೆಯಿಂದಲೇ ಉತ್ತರ ಕೊಟ್ಟರು. ವರ್ಷಗಳ ಹಿಂದೆ ಮಾಜಿ ಸೈನಿಕರಿಗೆ ಸನ್ಮಾನ ಇದ್ದಾಗ ಮಾವನವರ ಕೋಟು ಸರಿಮಾಡಿಸಲು ಟೈಲರ್ ಹತ್ತಿರ ಹೋದವರು ಅವರೇ. ಒಂದು ರಿಬ್ಬನ್ ಪೂರ್ತಿ ಚಿಂದಿಯಾಗಿತ್ತಂತೆ. "ಅಂಥದ್ದು ಇಲ್ಲ ಅಂದ್ರು. ಡಬ್ಬಿಯಲ್ಲಿ ನಮ್ಮ ಬಾವುಟದ ಬಣ್ಣದ್ದು ಒಂದಿತ್ತು, ಅದನ್ನೇ ಹಾಕಿ ಅಂದೆ." ಕೇಸರಿಯೆಂದು ಅವರು ಕಂಡದ್ದು ಇಟಲಿಯ ಕೆಂಪು.

ಕೊನೆಯ ಮಾತು ಕಾಗದದ್ದು

ಬಟ್ಟೆ ಇಷ್ಟು ಹೇಳಿತು. ಆದರೂ ಅಜ್ಜಿಯ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಬಾರ್ ಹಳೆಯದು, ಮೂರು ರಿಬ್ಬನ್ ಆ ಕಾಲದ್ದು, ಸರಿ. ಅದು ಅವರ ಯಜಮಾನರದ್ದೇ ಎನ್ನಲು ಏನು ಆಧಾರ?

ಇಲ್ಲಿ ಬೇಕಾದದ್ದು ಸೇನಾ ನಂಬರು. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಪತ್ರ, ಹಳೆಯ ಮನಿಯಾರ್ಡರ್ ರಸೀದಿ, ಪದಕದ ಅಂಚು, ಎಲ್ಲಾದರೂ ಒಂದು ಕಡೆ ಅದು ಇರುತ್ತದೆ. ಈ ಮನೆಯಲ್ಲಿ ಸಿಕ್ಕಿದ್ದು ಸೈನಿಕ ಕಲ್ಯಾಣ ಇಲಾಖೆಗೆ ಸಹಾಯಧನಕ್ಕಾಗಿ ಹಾಕಿದ್ದ ಅರ್ಜಿಯ ನಕಲಿನಲ್ಲಿ. ಪ್ರತಿ ರೆಜಿಮೆಂಟಿಗೂ ಒಂದು ದಾಖಲೆ ಕಚೇರಿ ಇರುತ್ತದೆ. ಮನೆಯವರು ಸಂಬಂಧದ ಪುರಾವೆ ಲಗತ್ತಿಸಿ ಅಲ್ಲಿಗೆ ಬರೆಯಬಹುದು. ನಾವೂ ಬರೆದೆವು. ಮೊದಲನೇ ಮಹಾಯುದ್ಧದವರಾದರೆ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಪದಕಗಳ ಸೂಚಿ ಕಾರ್ಡುಗಳಿವೆ. ಶೌರ್ಯ ಪದಕಗಳ ವಿಷಯವಾದರೆ ಲಂಡನ್ ಗೆಜೆಟ್‌ನ ಹಳೆಯ ಸಂಚಿಕೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಹುಡುಕಬಹುದು.

ಉತ್ತರ ಬರಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ದೊಡ್ಡಪ್ಪನ ಅಸಮಾಧಾನ ಬೆಳೆದಿತ್ತು. "ಒಂದು ಪದ ಹೆಚ್ಚು ಬರೆದರೆ ಯಾರಪ್ಪನ ಗಂಟು ಹೋಗುತ್ತೆ?" ಎಂದು ಕೇಳಿದರು. ಅವರ ಮುಂದೆ ವಾದ ಮಾಡುವ ವಯಸ್ಸು ನಮ್ಮದಲ್ಲ. ಆದರೂ ಒಂದು ವಿಷಯ ಹೇಳಿದೆ. ಇಟಲಿಗೆ ಹೋದವರು ಬೇರೆ ಇದ್ದಾರೆ. ನಮ್ಮ ಬೆಳಗಾವಿಯಲ್ಲಿ ಕೇಂದ್ರ ಇರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಯಶವಂತ ಘಾಡಗೆ 1944ರ ಜುಲೈನಲ್ಲಿ ಇಟಲಿಯಲ್ಲಿ ಹೋರಾಡುತ್ತಲೇ ಮಡಿದರು. ಅವರಿಗೆ ಮರಣೋತ್ತರ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಅಲ್ಲಿ ಹೋಗಿ ಮರಳದವರು ಇನ್ನೂ ಸಾವಿರಾರು ಮಂದಿ. ಹೋಗದವರ ಹೆಸರಿನ ಮುಂದೆ ಇಟಲಿ ಎಂದು ಬರೆದರೆ ಗಂಟು ಹೋಗುವುದು ಅವರದ್ದೇ. ದೊಡ್ಡಪ್ಪ ಏನೂ ಹೇಳಲಿಲ್ಲ. ಪೇಂಟರ್‌ಗೆ ಫೋನ್ ಮಾಡಿ ಸ್ವಲ್ಪ ದಿನ ತಡೆಯಲು ಹೇಳಿದರು.

ಬಂದ ಪತ್ರದಲ್ಲಿ ತಾತನ ಹೆಸರು, ನಂಬರು, ಸೇರಿದ ವರ್ಷ, ಬಿಟ್ಟ ವರ್ಷದ ಜೊತೆ ನಾಲ್ಕು ಪದಕಗಳ ಪಟ್ಟಿ ಇತ್ತು: 1939-45 ಸ್ಟಾರ್, ಬರ್ಮಾ ಸ್ಟಾರ್, ವಾರ್ ಮೆಡಲ್, ಇಂಡಿಯಾ ಸರ್ವಿಸ್ ಮೆಡಲ್. ಬಾರಿನ ಮೇಲಿದ್ದ ಮೊದಲ ಮೂರು, ಅದೇ ಕ್ರಮದಲ್ಲಿ. ನಾಲ್ಕನೆಯದು, ಹೊಲಿಗೆಯ ತೂತಿನಲ್ಲಿ ಸಿಕ್ಕಿಕೊಂಡಿದ್ದ ನೀಲಿ ಎಳೆ.

ಹಳೆಯ ವಸ್ತುಗಳನ್ನು ಅಸಲಿ-ನಕಲಿ ಎಂದು ಎರಡು ಡಬ್ಬಿಗೆ ಹಾಕುವ ಅಭ್ಯಾಸ ನಮಗಿದೆ. ಈ ಬಾರ್ ಎರಡಕ್ಕೂ ಹೊಂದಲಿಲ್ಲ. ಅದರ ಮೇಲಿದ್ದ ಒಂದು ರಿಬ್ಬನ್ ತಪ್ಪು, ಅದರ ಹಿಂದಿದ್ದ ಪದಕ ನಿಜ. ಮೋಸ ಮಾಡಲು ಯಾರೂ ಅದನ್ನು ಹೊಲಿದಿರಲಿಲ್ಲ, ಮಾವನವರು ಸನ್ಮಾನಕ್ಕೆ ಚಿಂದಿ ಹಾಕಿಕೊಂಡು ಹೋಗಬಾರದೆಂದು ಸೊಸೆಯೊಬ್ಬರು ಹೊಲಿಸಿದ್ದರು.

ನಿಮ್ಮ ಮನೆಯಲ್ಲೂ ಇದ್ದರೆ

ನಿಮ್ಮ ಮನೆಯಲ್ಲೂ ಇಂಥದ್ದೊಂದು ಸಿಕ್ಕರೆ ಮೊದಲು ಒಗೆಯಬೇಡಿ, ಇಸ್ತ್ರಿ ಮಾಡಬೇಡಿ, ಹೊಲಿಗೆ ಬಿಚ್ಚಬೇಡಿ. ಹಗಲು ಬೆಳಕಿನಲ್ಲಿ ಮುಂದೆ ಹಿಂದೆ ಎರಡೂ ಬದಿಯ ಫೋಟೊ ತೆಗೆಯಿರಿ. ಸೆಲ್ಫಿ ಕ್ಯಾಮೆರಾ ಬೇಡ, ಅದು ಎಡಬಲ ತಿರುಗಿಸಿಬಿಟ್ಟರೆ ಕ್ರಮವೇ ಕೆಡುತ್ತದೆ. ಮನೆಯ ಹಿರಿಯರು ಅದರ ಬಗ್ಗೆ ಹೇಳುವುದನ್ನು ಅವರ ಮಾತಿನಲ್ಲೇ ಬರೆದಿಡಿ. ಒಂದು ಕಡೆ ಕಂಡದ್ದು, ಇನ್ನೊಂದು ಕಡೆ ಕೇಳಿದ್ದು, ಮೂರನೇ ಕಡೆ ಕಾಗದದಲ್ಲಿ ಸಿಕ್ಕಿದ್ದು. ಈ ಮೂರನ್ನು ಬೆರೆಸದೆ ಇಟ್ಟರೆ ಅರ್ಧ ಕೆಲಸ ಮುಗಿದಂತೆ.

ಕೊಳ್ಳುವವರಿಗೂ ಒಂದು ಮಾತು. ರಿಬ್ಬನ್ ಬಟ್ಟೆ ಮೀಟರ್ ಲೆಕ್ಕದಲ್ಲಿ ಇಂದಿಗೂ ಮಾರಾಟಕ್ಕಿದೆ. ಬರೀ ಬಾರ್ ತೋರಿಸಿ ವೀರಯೋಧನ ಕಥೆ ಹೇಳುವವರಿಗೆ ಆ ಕಥೆಗೆಂದು ದುಡ್ಡು ಕೊಡಬೇಡಿ. ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳಿಗೆ 1972ರ ಪುರಾವಸ್ತು ಕಾಯ್ದೆ ಅನ್ವಯಿಸುತ್ತದೆ, ಖಾಸಗಿಯವರು ಅವನ್ನು ವಿದೇಶಕ್ಕೆ ಕಳಿಸುವಂತಿಲ್ಲ. ಸೈನಿಕರಲ್ಲದವರು ಸೈನಿಕರೆಂದು ನಂಬಿಸಲು ಅವರ ಉಡುಪು, ಗುರುತು ಧರಿಸುವುದು ಅಪರಾಧ. ಚೆನ್ನಾಗಿ ಜೋಡಿಸಿಟ್ಟ ಅಸಲಿ ವಸ್ತುಗಳನ್ನು ನೋಡಬೇಕೆನಿಸಿದರೆ ಮಡಿಕೇರಿಯ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯಕ್ಕೆ ಹೋಗಿ ಬನ್ನಿ. ಅವರು ಹುಟ್ಟಿ ಬೆಳೆದ 'ಸನ್ನಿ ಸೈಡ್' ಮನೆಯೇ 2021ರಿಂದ ಸಂಗ್ರಹಾಲಯವಾಗಿದೆ.

ಶಾಲೆಯ ಗೋಡೆಯ ಮೇಲೆ ಈಗ ತಾತನ ಹೆಸರಿದೆ. ಮುಂದೆ ಅವರ ಸೇನಾ ನಂಬರು, ಅದರ ಕೆಳಗೆ 'ಬರ್ಮಾ ರಣರಂಗದಲ್ಲಿ ಸೇವೆ ಸಲ್ಲಿಸಿದವರು' ಎಂಬ ಒಂದು ಸಾಲು. ನಂಬರು ಬರೆಸಲು ಹೇಳಿದ್ದು ದೊಡ್ಡಪ್ಪ. ಬಾರಿನ ಮೇಲೆ ಇಟಲಿಯ ರಿಬ್ಬನ್ ಹಾಗೆಯೇ ಇದೆ. ಬದಲಾಯಿಸೋಣವೇ ಎಂದು ಕೇಳಿದರೆ ಅಜ್ಜಿ ಬೇಡ ಎಂದರು. ಸೊಸೆ ಪ್ರೀತಿಯಿಂದ ಹಾಕಿಸಿದ್ದು, ಇರಲಿ ಎಂದರು. ಬಾರಿನ ಜೊತೆ ಒಂದು ಚೀಟಿಯಲ್ಲಿ ನಡೆದದ್ದನ್ನೆಲ್ಲ ಬರೆದು, ದಾಖಲೆ ಕಚೇರಿಯ ಪತ್ರದ ನಕಲು ಸೇರಿಸಿ ಟ್ರಂಕಿನಲ್ಲಿ ಇಟ್ಟಿದ್ದೇವೆ. ಮುಂದೆ ಅದನ್ನು ತೆರೆಯುವವರು ಊಹಿಸುತ್ತಾ ಕೂರಬೇಕಿಲ್ಲ.